ಕೈಗುಣಕ್ಕೊಂದು ಅಳತೆಗೋಲು

ರಬಕವಿ-ಬನಹಟ್ಟಿಯ ಓಣಿಗಳಲ್ಲಿ ಮಗ್ಗದ ಸದ್ದು ಕೇಳದ ಹಗಲು ಕಡಿಮೆ. ಇಲ್ಲಿ ಹೊಸಬನೊಬ್ಬ ನೇಯ್ಗೆ ಕಲಿತನೋ ಇಲ್ಲವೋ ಎಂದು ತಿಳಿಯಲು ಯಾರೂ ಪ್ರಶ್ನೆಪತ್ರಿಕೆ ಕೊಡುವುದಿಲ್ಲ. ಅವನು ನೇಯ್ದ ಸೀರೆಯನ್ನು ಬೆಳಕಿಗೆ ಹಿಡಿದರೆ ಸಾಕು. ಎಳೆ ಎಲ್ಲಿ ತಪ್ಪಿದೆ, ಅಂಚು ಎಲ್ಲಿ ಸೊಟ್ಟಗಾಗಿದೆ ಎಂಬುದು ಬಲ್ಲವರ ಕಣ್ಣಿಗೆ ತಾನಾಗಿ ಬೀಳುತ್ತದೆ. ತಪ್ಪಿದ್ದರೆ ಸೀರೆಯ ಬೆಲೆ ಇಳಿಯುತ್ತದೆ, ಅಷ್ಟೆ. ಅದೇ ಊರಿನ ನೇಕಾರರೊಬ್ಬರು ಹರ್ನಿಯಾ ಆಪರೇಷನ್ನಿಗೆಂದು ಜಮಖಂಡಿಗೋ, ಬಾಗಲಕೋಟೆಗೋ, ಮಿರಜಕ್ಕೋ ಹೋದಾಗ, ಅವರ ಹೊಟ್ಟೆಯ ಮೇಲೆ ಚಾಕು ಇಡುವ ಕೈಯನ್ನು ಯಾರು, ಯಾವ ಬೆಳಕಿಗೆ ಹಿಡಿದು ನೋಡಿರುತ್ತಾರೆ?

ನಮ್ಮ ಜನ ಈ ಕೈಗೊಂದು ಚೆಂದದ ಮಾತು ಕಂಡುಕೊಂಡಿದ್ದಾರೆ: ಕೈಗುಣ. 'ಆ ಡಾಕ್ಟರ ಕೈಗುಣ ಛಲೋ ಐತಿ' ಎಂಬ ಒಂದು ಮಾತು ಜಮಖಂಡಿ, ಮುಧೋಳ, ಬೀಳಗಿಯ ಹಳ್ಳಿಗಳಲ್ಲಿ ಯಾವ ಜಾಹೀರಾತಿಗಿಂತಲೂ ಬೇಗ ಹರಡುತ್ತದೆ. 1894ರಲ್ಲಿ ಆರಂಭವಾದ ಮಿರಜದ ಮಿಷನ್ ಆಸ್ಪತ್ರೆಗೆ ಈ ಭಾಗದ ಜನ ತಲೆಮಾರುಗಟ್ಟಲೆ ಹೋಗುತ್ತಿದ್ದುದೂ ಇಂಥ ಮಾತನ್ನು ನಂಬಿಯೇ. ಆದರೆ ಕೈಗುಣವೆಂಬುದು ದೇವರು ಕೊಟ್ಟ ವರವೇ? ಅದೃಷ್ಟವೇ? ಅಥವಾ ಕಲಿಸಿ, ಅಳೆದು, ಪ್ರಮಾಣಪತ್ರ ಕೊಡಬಹುದಾದ ವಿದ್ಯೆಯೇ? ತರಬೇತಿ ಮುಗಿಸಿ ಹೊರಬರುವ ಶಸ್ತ್ರವೈದ್ಯರ ಸಾಮರ್ಥ್ಯವನ್ನು ತೂಗುವುದು ಹೇಗೆ ಎಂಬ ಪ್ರಶ್ನೆ ವೈದ್ಯಕೀಯ ಶಿಕ್ಷಣವನ್ನು ಇಂದಿಗೂ ಕಾಡುತ್ತಿದೆ.

ಎರಡಕ್ಷರದ ಹಿಂದೆ

ಆಸ್ಪತ್ರೆಯ ಫಲಕದಲ್ಲಿ ವೈದ್ಯರ ಹೆಸರಿನ ಮುಂದೆ ಕಾಣುವ 'ಎಂ.ಎಸ್.' ಎಂಬ ಎರಡಕ್ಷರದ ಹಿಂದೆ ದೊಡ್ಡ ಓದಿದೆ. ಎಂ.ಬಿ.ಬಿ.ಎಸ್. ಪದವಿಗೆ ನಾಲ್ಕೂವರೆ ವರ್ಷದ ಪಾಠ, ಒಂದು ವರ್ಷದ ಇಂಟರ್ನ್‌ಶಿಪ್. ಆಮೇಲೆ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆ. ಅದರಲ್ಲಿ ಸೀಟು ಸಿಕ್ಕರೆ ಸಾಮಾನ್ಯ ಶಸ್ತ್ರಚಿಕಿತ್ಸಾ ವಿಭಾಗದಲ್ಲಿ ಮೂರು ವರ್ಷ ಹಗಲೂ ರಾತ್ರಿಯೂ ದುಡಿಮೆ. ವಾರ್ಡಿನ ಸುತ್ತು, ಅಪಘಾತದ ಗಾಯಾಳುಗಳು, ಹಿರಿಯರಿಗೆ ಆಪರೇಷನ್ನಿನಲ್ಲಿ ನೆರವು, ಆಮೇಲೆ ಹಿರಿಯರ ಕಣ್ಣೆದುರಿಗೆ ತಾವೇ ಮಾಡುವ ಆಪರೇಷನ್ನು, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಕಲಿಕೆ ಸಾಗುತ್ತದೆ.

ಕೊನೆಯ ಪರೀಕ್ಷೆ ನಡೆಸುವುದು ವಿಶ್ವವಿದ್ಯಾಲಯ. ಹುಬ್ಬಳ್ಳಿಯಲ್ಲಿ ಕರ್ನಾಟಕ ಮೆಡಿಕಲ್ ಕಾಲೇಜು 1957ರಲ್ಲಿ ಆರಂಭವಾಯಿತು, ಬೆಳಗಾವಿಯಲ್ಲಿ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜು 1963ರಲ್ಲಿ. ಆ ದಿನಗಳಲ್ಲಿ ಈ ಭಾಗದ ವೈದ್ಯಕೀಯ ಪದವಿಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಹೆಸರಿನಲ್ಲಿದ್ದವು. 1996ರಲ್ಲಿ ಬೆಂಗಳೂರಿನಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ರಾಜ್ಯದ ಬಹುಪಾಲು ಕಾಲೇಜುಗಳು ಅದರ ಅಡಿಗೆ ಬಂದವು. 2002ರಲ್ಲಿ ಆರಂಭವಾದ ಬಾಗಲಕೋಟೆಯ ಎಸ್. ನಿಜಲಿಂಗಪ್ಪ ವೈದ್ಯಕೀಯ ಕಾಲೇಜು ಅವುಗಳಲ್ಲೊಂದು. ಬೆಳಗಾವಿಯ ಕೆ.ಎಲ್.ಇ., ವಿಜಯಪುರದ ಬಿ.ಎಲ್.ಡಿ.ಇ. ಸಂಸ್ಥೆಗಳು ಮುಂದೆ ತಾವೇ ಪರಿಗಣಿತ ವಿಶ್ವವಿದ್ಯಾಲಯಗಳಾಗಿ ಪರೀಕ್ಷೆ ನಡೆಸತೊಡಗಿದವು. ಯಾರೇ ನಡೆಸಲಿ, ನಿಯಮ ಮಾತ್ರ ದೇಶಕ್ಕೆಲ್ಲ ಒಂದೇ. ಮೊದಲು ಅದನ್ನು ರೂಪಿಸುತ್ತಿದ್ದುದು ಭಾರತೀಯ ವೈದ್ಯಕೀಯ ಪರಿಷತ್ತು. 2020ರ ಸೆಪ್ಟೆಂಬರಿನಿಂದ ಆ ಹೊಣೆ ರಾಷ್ಟ್ರೀಯ ವೈದ್ಯಕೀಯ ಆಯೋಗದ್ದು.

ಪರೀಕ್ಷೆಯ ರೂಪ ಬಹಳ ವರ್ಷಗಳಿಂದ ಹೆಚ್ಚು ಬದಲಾಗಿಲ್ಲ. ವಿದ್ಯಾರ್ಥಿ ಮೊದಲೇ ಒಂದು ಪ್ರಬಂಧ ಬರೆದು ಒಪ್ಪಿಸಿರಬೇಕು. ಆಮೇಲೆ ನಾಲ್ಕು ಲಿಖಿತ ಪತ್ರಿಕೆಗಳು. ಅದಾದ ಮೇಲೆ ಎಲ್ಲರೂ ಹೆದರುವ ಪ್ರಾಯೋಗಿಕ ಪರೀಕ್ಷೆ. ನಾಲ್ವರು ಪರೀಕ್ಷಕರು, ಅವರಲ್ಲಿ ಅರ್ಧದಷ್ಟು ಮಂದಿ ಹೊರಗಿನ ವಿಶ್ವವಿದ್ಯಾಲಯದವರು. ಅಭ್ಯರ್ಥಿಗೆ ಒಬ್ಬ ರೋಗಿಯನ್ನು ತೋರಿಸಿ ಸಮಯ ಕೊಡುತ್ತಾರೆ. ಕುತ್ತಿಗೆಯಲ್ಲಿ ಥೈರಾಯ್ಡ್ ಗಂಟು, ಸ್ತನದಲ್ಲಿ ಗಡ್ಡೆ, ಕಾಲಿನಲ್ಲಿ ಉಬ್ಬಿದ ನರ, ಹೀಗೆ ಏನಾದರೂ ಇರಬಹುದು. ರೋಗಿಯ ಮಾತು ಕೇಳಿ, ಮೈ ಮುಟ್ಟಿ ನೋಡಿ, ರೋಗ ಯಾವುದು, ಏನು ಮಾಡಬೇಕು ಎಂಬುದನ್ನು ಪರೀಕ್ಷಕರ ಮುಂದೆ ಸಮರ್ಥಿಸಿಕೊಳ್ಳಬೇಕು. ನಂತರ ಕೆಲವು ಚಿಕ್ಕ ಪ್ರಕರಣಗಳು. ಕೊನೆಗೆ ಮೌಖಿಕ ಪರೀಕ್ಷೆ: ಮೇಜಿನ ಮೇಲೆ ಉಪಕರಣ, ಎಕ್ಸ್-ರೇ, ಗಾಜಿನ ಜಾಡಿಯಲ್ಲಿಟ್ಟ ಅಂಗ. 'ಈ ಇಕ್ಕಳ ಯಾವುದು? ಇದನ್ನು ಎಲ್ಲಿ ಬಳಸುವಿರಿ? ಆಪರೇಷನ್ನಿನ ಹಂತಗಳನ್ನು ಹೇಳಿ' ಎಂಬ ಪ್ರಶ್ನೆಗಳ ಮಳೆ.

ಇಲ್ಲಿ ಓದುಗರು ಒಂದು ಮಾತನ್ನು ಗಮನಿಸಬೇಕು. ಇಷ್ಟೆಲ್ಲ ನಡೆದರೂ ಅಭ್ಯರ್ಥಿ ಆಪರೇಷನ್ ಮಾಡುವುದನ್ನು ಪರೀಕ್ಷಕರು ಅಂದು ನೋಡುವುದಿಲ್ಲ. ಹರ್ನಿಯಾ ಆಪರೇಷನ್ನನ್ನು ಹೇಗೆ ಮಾಡಬೇಕೆಂದು ಅವರು ಕೇಳುತ್ತಾರೆ, ಅಭ್ಯರ್ಥಿ ಹೇಳುತ್ತಾನೆ. ಬಾಯಿ ಬಲ್ಲದ್ದನ್ನು ಕೈ ಬಲ್ಲುದೇ ಎಂಬುದಕ್ಕೆ ಆ ದಿನ ಉತ್ತರವಿಲ್ಲ.

ಇದಕ್ಕೆ ಕಾರಣವೂ ಇದೆ. ಪರೀಕ್ಷೆಯ ಅಂಜಿಕೆಯಲ್ಲಿ ನಡುಗುವ ಕೈಗೆ ಬಡ ರೋಗಿಯ ಹೊಟ್ಟೆಯನ್ನು ಒಪ್ಪಿಸುವುದು ನ್ಯಾಯವಲ್ಲ. ಅಲ್ಲದೆ ಒಬ್ಬನಿಗೆ ಸುಲಭದ ರೋಗಿ ಸಿಗಬಹುದು, ಇನ್ನೊಬ್ಬನಿಗೆ ಕಠಿಣವಾದದ್ದು. ಒಂದು ದಿನದ ಒಂದು ಆಪರೇಷನ್ನು ಮೂರು ವರ್ಷದ ಕಲಿಕೆಯ ಸಾಕ್ಷಿಯಾಗಲಾರದು. ಹಾಗಿದ್ದರೆ ಕೈಯ ಪರೀಕ್ಷೆ ಎಲ್ಲಿ ನಡೆಯಬೇಕು?

ಸೋರೆಕಾಯಿಯ ಪಾಠ

ಈ ಪ್ರಶ್ನೆ ಹೊಸದೇನಲ್ಲ. ನಮ್ಮ ಪ್ರಾಚೀನ ಶಸ್ತ್ರವೈದ್ಯ ಗ್ರಂಥವಾದ ಸುಶ್ರುತ ಸಂಹಿತೆಯಲ್ಲಿ ಕೈ ಪಳಗಿಸಲೆಂದೇ ಒಂದು ಅಧ್ಯಾಯವಿದೆ. ಕತ್ತರಿಸುವುದನ್ನು ಸೋರೆಕಾಯಿ, ಸೌತೆಕಾಯಿ, ಕಲ್ಲಂಗಡಿಗಳ ಮೇಲೆ ಕಲಿಯಬೇಕು. ಸೀಳುವುದನ್ನು ನೀರು ಅಥವಾ ಕೆಸರು ತುಂಬಿದ ಚರ್ಮದ ಚೀಲದ ಮೇಲೆ. ರಕ್ತನಾಳಕ್ಕೆ ಚುಚ್ಚುವುದನ್ನು ಸತ್ತ ಪ್ರಾಣಿಯ ನಾಳ ಮತ್ತು ತಾವರೆಯ ದಂಟಿನ ಮೇಲೆ. ಹೊಲಿಗೆಯನ್ನು ದಪ್ಪ ಬಟ್ಟೆ ಮತ್ತು ಮೆತ್ತನೆಯ ಚರ್ಮದ ಮೇಲೆ ಅಭ್ಯಾಸ ಮಾಡಬೇಕು. ಶಾಸ್ತ್ರ ಓದಿ ಕೈ ಪಳಗದವನೂ ಅರ್ಹನಲ್ಲ, ಕೈ ಪಳಗಿ ಶಾಸ್ತ್ರ ಓದದವನೂ ಅರ್ಹನಲ್ಲ ಎಂಬುದು ಆ ಗ್ರಂಥದ ನಿಲುವು. ಚಿಕಿತ್ಸೆಗೆ ತೊಡಗುವ ಮೊದಲು ಅರಸನ ಅನುಮತಿ ಬೇಕೆಂದೂ ಅದು ಹೇಳುತ್ತದೆ. ಇಂದಿನ ನೋಂದಣಿಯ ಹಳೆಯ ರೂಪವೆಂದು ಅದನ್ನು ಕರೆಯಬಹುದು.

ಹೊರಗಿನವರು ನಿಂತು ಕೈಯ ಕೆಲಸವನ್ನು ನೋಡಿದ ಒಂದು ಪ್ರಸಂಗ ಮೈಸೂರಿನ ಇತಿಹಾಸಕ್ಕೂ ತಾಗಿಕೊಂಡಿದೆ. ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ ಕಾವಸ್‌ಜಿ ಎಂಬಾತ ಟಿಪ್ಪುವಿನ ಸೈನಿಕರಿಗೆ ಸೆರೆಸಿಕ್ಕು ಮೂಗು ಕಳೆದುಕೊಂಡ. ಆಮೇಲೆ ಪುಣೆಯ ಕಡೆ ಸ್ಥಳೀಯ ವೈದ್ಯನೊಬ್ಬ ಅವನ ಹಣೆಯ ಚರ್ಮವನ್ನೇ ಇಳಿಸಿ ಹೊಸ ಮೂಗು ಕಟ್ಟಿದ. ಇದನ್ನು ಇಬ್ಬರು ಇಂಗ್ಲಿಷ್ ವೈದ್ಯರು ಎದುರಿಗೆ ನಿಂತು ನೋಡಿದರು. 1794ರಲ್ಲಿ ಲಂಡನ್ನಿನ ಪತ್ರಿಕೆಯೊಂದರಲ್ಲಿ ಈ ವರದಿ ಚಿತ್ರಸಮೇತ ಪ್ರಕಟವಾಗಿ ಯುರೋಪಿನ ಶಸ್ತ್ರವೈದ್ಯರ ಕಣ್ಣು ತೆರೆಸಿತು. ಆ ವೈದ್ಯನ ಬಳಿ ಯಾವ ಪದವಿಯೂ ಇರಲಿಲ್ಲ. ಅವನ ಪ್ರಮಾಣಪತ್ರವೆಂದರೆ ಕಾವಸ್‌ಜಿಯ ಮುಖವೇ.

ಪದವಿ, ತರಬೇತಿ, ಪರೀಕ್ಷೆಗಳ ಇಂದಿನ ಚೌಕಟ್ಟು ಬಂದದ್ದು ಪಶ್ಚಿಮದಿಂದ. ಅಮೆರಿಕದ ಬಾಲ್ಟಿಮೋರಿನಲ್ಲಿ 1889ರಲ್ಲಿ ತೆರೆದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ವಿಲಿಯಂ ಹಾಲ್‌ಸ್ಟೆಡ್ ಎಂಬ ಶಸ್ತ್ರವೈದ್ಯ 'ರೆಸಿಡೆನ್ಸಿ' ಪದ್ಧತಿಯನ್ನು ಬೆಳೆಸಿದ. ಶಿಷ್ಯರು ಆಸ್ಪತ್ರೆಯಲ್ಲೇ ನೆಲೆಸಿ ವರ್ಷಗಟ್ಟಲೆ ಕಲಿಯಬೇಕು. ಹೊಣೆ ಸ್ವಲ್ಪ ಸ್ವಲ್ಪವಾಗಿ ಹೆಚ್ಚಬೇಕು. ಯಾವಾಗ ಸಿದ್ಧನಾದ ಎಂದು ಹೇಳುವವನು ಗುರು ಒಬ್ಬನೇ. ನಮ್ಮ ಗುರುಕುಲದಂತೆಯೇ ಇದರ ಬಲ ಇದ್ದುದು ಗುರುವಿನ ಕಣ್ಣಿನಲ್ಲಿ. ದೌರ್ಬಲ್ಯವೂ ಅಲ್ಲಿಯೇ ಇತ್ತು. ಆ ಕಣ್ಣಿಗೆ ಪಕ್ಷಪಾತವಿದ್ದರೆ ಕೇಳುವವರಿಲ್ಲ.

ಅಂಕಿ ಅಂಶ ಹೇಳಿದ ಸತ್ಯ

ಕೈ ಪಳಗುವ ಮೊದಲು ರೋಗಿ ತೆರುವ ಬೆಲೆ ಏನೆಂಬುದು ಕಣ್ಣಿಗೆ ರಾಚುವಂತೆ ಕಂಡದ್ದು 1990ರ ದಶಕದಲ್ಲಿ. ಹೊಟ್ಟೆ ಕೊಯ್ಯದೆ, ಸಣ್ಣ ತೂತುಗಳ ಮೂಲಕ ಕ್ಯಾಮೆರಾ ಇಳಿಸಿ ಪಿತ್ತಕೋಶ ತೆಗೆಯುವ ಹೊಸ ವಿಧಾನ ಆಗ ಜಗತ್ತಿನಾದ್ಯಂತ ಹಬ್ಬಿತು. ಅನುಭವಸ್ಥ ವೈದ್ಯರೂ ಇದರಲ್ಲಿ ಹೊಸಬರೇ. ಪಿತ್ತಕೋಶದ ಪಕ್ಕದಲ್ಲೇ ಇರುವ ಮುಖ್ಯ ಪಿತ್ತನಾಳಕ್ಕೆ ಏಟು ಬಿದ್ದರೆ ರೋಗಿಯ ಪಾಡು ಹೇಳತೀರದು. ಅಮೆರಿಕದಲ್ಲಿ 8,839 ಆಪರೇಷನ್ನುಗಳನ್ನು ಪರಿಶೀಲಿಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನದ ಅಂದಾಜು ಹೀಗಿತ್ತು: ವೈದ್ಯ ಮಾಡುವ ಮೊದಲ ಆಪರೇಷನ್ನಿನಲ್ಲಿ ಈ ಅಪಾಯ ಶೇಕಡಾ 1.7, ಐವತ್ತನೆಯದರ ಹೊತ್ತಿಗೆ ಅದು ಶೇಕಡಾ 0.17. ಅಂದರೆ ಹತ್ತರಲ್ಲಿ ಒಂದು ಪಾಲಿಗೆ ಇಳಿಯಿತು.

ಹಾಗೆಂದು ಎಷ್ಟು ಮಾಡಿದ್ದಾರೆ ಎಂಬ ಲೆಕ್ಕವೊಂದೇ ಸಾಲದು. ಅಮೆರಿಕದ ಮಿಷಿಗನ್ ರಾಜ್ಯದಲ್ಲಿ 20 ಮಂದಿ ಶಸ್ತ್ರವೈದ್ಯರು ತೂಕ ಇಳಿಸುವ ಒಂದೇ ಬಗೆಯ ಆಪರೇಷನ್ನಿನ ವಿಡಿಯೋ ಒಪ್ಪಿಸಿದರು. ಯಾರದೆಂದು ತಿಳಿಸದೆ ಅವುಗಳನ್ನು ಬೇರೆ ಶಸ್ತ್ರವೈದ್ಯರಿಗೆ ತೋರಿಸಿ ಅಂಕ ಹಾಕಿಸಲಾಯಿತು. ಆಮೇಲೆ ಆ ಅಂಕಗಳನ್ನು ಅವರವರ ರೋಗಿಗಳಿಗೆ ಏನಾಯಿತು ಎಂಬ ದಾಖಲೆಯೊಡನೆ ಹೋಲಿಸಿದರು. 2013ರಲ್ಲಿ ಪ್ರಕಟವಾದ ಫಲಿತಾಂಶ ಎಲ್ಲರನ್ನೂ ಯೋಚನೆಗೆ ಹಚ್ಚಿತು. ಕೈಚಳಕದಲ್ಲಿ ಮೇಲಿನ ಕಾಲು ಭಾಗದಲ್ಲಿದ್ದವರ ರೋಗಿಗಳಲ್ಲಿ ಶೇಕಡಾ 5.2 ಮಂದಿಗೆ ತೊಡಕುಗಳಾದರೆ, ಕೆಳಗಿನ ಕಾಲು ಭಾಗದವರ ರೋಗಿಗಳಲ್ಲಿ ಶೇಕಡಾ 14.5 ಮಂದಿಗೆ ಆಗಿದ್ದವು. ಸಾವಿನ ಪ್ರಮಾಣದಲ್ಲೂ ಅಂತರವಿತ್ತು. ಅವರೆಲ್ಲರೂ ತರಬೇತಿ ಮುಗಿಸಿ ವೃತ್ತಿಯಲ್ಲಿದ್ದವರೇ.

ಇದರ ಅರ್ಥ ಸರಳ. ಕೈಗುಣವೆಂದು ಜನ ಕರೆಯುವುದು ಬರೀ ನಂಬಿಕೆಯಲ್ಲ, ಅದು ಇದೆ. ಬಲ್ಲವರು ನೋಡಿದರೆ ಅದು ಕಾಣುತ್ತದೆ. ಕಂಡದ್ದನ್ನು ಅಳೆಯಲೂಬಹುದು.

ಬಲ್ಲುದರಿಂದ ಮಾಡುವುದಕ್ಕೆ

ಅಳೆಯುವ ದಾರಿಗಳನ್ನು ಶಿಕ್ಷಣತಜ್ಞರು ಹುಡುಕುತ್ತಲೇ ಬಂದಿದ್ದಾರೆ. ಜಾರ್ಜ್ ಮಿಲ್ಲರ್ ಎಂಬ ಅಮೆರಿಕದ ತಜ್ಞ 1990ರಲ್ಲಿ ವೈದ್ಯರ ಸಾಮರ್ಥ್ಯವನ್ನು ನಾಲ್ಕು ಮೆಟ್ಟಿಲಿನ ಗೋಪುರವಾಗಿ ಚಿತ್ರಿಸಿದ. ಕೆಳಗಿನ ಮೆಟ್ಟಿಲು 'ಗೊತ್ತಿದೆ'. ಅದರ ಮೇಲೆ 'ಹೇಗೆಂದು ಗೊತ್ತಿದೆ'. ಮೂರನೆಯದು 'ಮಾಡಿ ತೋರಿಸಬಲ್ಲ'. ತುದಿಯಲ್ಲಿರುವುದು 'ದಿನನಿತ್ಯದ ಕೆಲಸದಲ್ಲಿ ಮಾಡುತ್ತಾನೆ'. ನಮ್ಮ ಲಿಖಿತ ಮತ್ತು ಮೌಖಿಕ ಪರೀಕ್ಷೆಗಳು ಮೊದಲ ಎರಡು ಮೆಟ್ಟಿಲನ್ನು ಚೆನ್ನಾಗಿ ಅಳೆಯುತ್ತವೆ. ರೋಗಿಯನ್ನು ಪರೀಕ್ಷಿಸುವ ಭಾಗ ಮೂರನೆಯದಕ್ಕೆ ಕಾಲಿಡುತ್ತದೆ. ರೋಗಿಗೆ ಬೇಕಾದದ್ದು ಮಾತ್ರ ನಾಲ್ಕನೆಯದು.

ಕೆನಡಾದ ಟೊರಾಂಟೊದಲ್ಲಿ 1990ರ ದಶಕದಲ್ಲಿ ರೂಪುಗೊಂಡ ಒಂದು ವಿಧಾನ ಈ ಕೊರತೆಯನ್ನು ತುಂಬಲು ಹೊರಟಿತು. ರೋಗಿಯ ಬದಲು ಮಾದರಿಗಳನ್ನು ಮೇಜಿನ ಮೇಲಿಟ್ಟು ಕರುಳಿನ ಜೋಡಣೆ, ಹೊಲಿಗೆ ಮುಂತಾದ ಕೆಲಸ ಕೊಡುವುದು. ತಜ್ಞರು ನಿಂತು ನೋಡಿ ಅಂಕ ಹಾಕುವುದು. ಗಮನಿಸುವ ಅಂಶಗಳು ನೇಕಾರರಿಗೂ ಬಡಗಿಗಳಿಗೂ ಅಪರಿಚಿತವಲ್ಲ: ವಸ್ತುವನ್ನು ನಾಜೂಕಾಗಿ ಹಿಡಿಯುತ್ತಾನೆಯೇ, ವ್ಯರ್ಥ ಚಲನೆ ಎಷ್ಟು, ಉಪಕರಣ ಕೈಯಲ್ಲಿ ಹೇಗೆ ಕೂರುತ್ತದೆ, ಸಹಾಯಕರನ್ನು ಸರಿಯಾಗಿ ಬಳಸಿಕೊಳ್ಳುತ್ತಾನೆಯೇ, ಮುಂದಿನ ಹೆಜ್ಜೆ ಮೊದಲೇ ತಿಳಿದಿದೆಯೇ? ಇಂದು ಅನೇಕ ದೇಶಗಳಲ್ಲಿ ಈ ಅಳತೆಪಟ್ಟಿ ಬಳಕೆಯಲ್ಲಿದೆ.

ನೆದರ್ಲೆಂಡ್ಸಿನ ಶಿಕ್ಷಣತಜ್ಞ ಟೆನ್ ಕಾಟೆ 2005ರಲ್ಲಿ ಪ್ರಶ್ನೆಯನ್ನೇ ಬದಲಿಸಿದ. 'ಇವನಿಗೆ ಎಷ್ಟು ಅಂಕ?' ಎಂದು ಕೇಳಬೇಡಿ. 'ಈ ಕೆಲಸವನ್ನು ಇವನಿಗೆ ವಹಿಸಿ ನಾನು ಹೊರಗೆ ಹೋಗಬಹುದೇ?' ಎಂದು ಕೇಳಿಕೊಳ್ಳಿ. ಪಕ್ಕದಲ್ಲಿ ನಿಂತಿರಬೇಕೇ, ಕರೆದರೆ ಬರುವಷ್ಟು ದೂರದಲ್ಲಿದ್ದರೆ ಸಾಕೇ, ಏನೂ ಬೇಡವೇ? ಒಂದೊಂದು ಕೆಲಸಕ್ಕೂ ಹೀಗೆ ವಿಶ್ವಾಸದ ಮಟ್ಟ ಗುರುತಿಸಬೇಕು. ಅಮೆರಿಕದ ಶಸ್ತ್ರವೈದ್ಯ ಮಂಡಳಿ 2023ರಿಂದ ಇಂಥ 18 ಕೆಲಸಗಳ ಪಟ್ಟಿಯನ್ನು ಸಾಮಾನ್ಯ ಶಸ್ತ್ರಚಿಕಿತ್ಸೆಯ ತರಬೇತಿಗೆ ಅಳವಡಿಸಿದೆ. ಅಲ್ಲಿ ಕನಿಷ್ಠ 850 ಆಪರೇಷನ್ನುಗಳ ಲೆಕ್ಕವನ್ನೂ ಕೊಡಬೇಕು. ಬ್ರಿಟನ್ನಿನಲ್ಲಿ 2021ರ ಪಠ್ಯಕ್ರಮದಂತೆ ಹಲವು ಹಿರಿಯ ವೈದ್ಯರು ಕೂಡಿ ವರದಿ ಬರೆಯುತ್ತಾರೆ. ತರಬೇತಿ ಮುಗಿಸುವವರು ಸ್ವತಂತ್ರ ವೈದ್ಯರಾಗಿ ಮೊದಲ ದಿನವೇ ಹೊಣೆ ಹೊರಬಲ್ಲರೇ ಎಂಬುದು ಅಲ್ಲಿನ ಅಳತೆಗೋಲು.

ಒಬ್ಬರ ಮಾತಿಗಿಂತ ಹಲವರ ಮಾತು ಮುಖ್ಯವೆಂದು ಬ್ರಿಟನ್ನು ಕಲಿತದ್ದು ಕಹಿ ಅನುಭವದಿಂದ. ಬ್ರಿಸ್ಟಲ್ ನಗರದ ಆಸ್ಪತ್ರೆಯಲ್ಲಿ ಹೃದಯದ ಆಪರೇಷನ್ನಿಗೆ ಒಳಗಾದ ಎಳೆಯ ಮಕ್ಕಳು ಬೇರೆಡೆಗಿಂತ ಹೆಚ್ಚಾಗಿ ಸಾಯುತ್ತಿದ್ದುದನ್ನು ಗುರುತಿಸಿ ದನಿ ಎತ್ತಿದವರು ಅರಿವಳಿಕೆ ತಜ್ಞರೊಬ್ಬರು. 1991ರಿಂದ 1995ರವರೆಗೆ ಒಂದು ವರ್ಷದೊಳಗಿನ 30ರಿಂದ 35 ಮಕ್ಕಳು ನಿರೀಕ್ಷೆಗಿಂತ ಹೆಚ್ಚಾಗಿ ಅಸುನೀಗಿದರೆಂದು 2001ರ ತನಿಖಾ ವರದಿ ತಿಳಿಸಿತು. ಆಪರೇಷನ್ ಕೋಣೆಯಲ್ಲಿ ಎದುರಿಗೆ ನಿಲ್ಲುವ ಅರಿವಳಿಕೆ ವೈದ್ಯರಿಗೆ, ಉಪಕರಣ ಎತ್ತಿಕೊಡುವ ದಾದಿಗೆ ಕಾಣುವುದು ಪರೀಕ್ಷಕರಿಗೆ ಕಾಣುವುದಿಲ್ಲ.

ಸಹಿಯ ಬೆಲೆ

ನಮ್ಮಲ್ಲಿ ಕೈಯ ಪರೀಕ್ಷೆಯ ಹೊಣೆ ಹೊತ್ತಿರುವುದು 'ಲಾಗ್‌ಬುಕ್' ಎಂಬ ದಿನಚರಿ. ಯಾವ ಆಪರೇಷನ್ ನೋಡಿದೆ, ಯಾವುದಕ್ಕೆ ನೆರವಾದೆ, ಯಾವುದನ್ನು ಹಿರಿಯರ ಮುಂದೆ ಮಾಡಿದೆ, ಯಾವುದನ್ನು ಸ್ವತಂತ್ರವಾಗಿ ಮಾಡಿದೆ ಎಂದು ವಿದ್ಯಾರ್ಥಿ ಬರೆದುಕೊಳ್ಳಬೇಕು. ಅಧ್ಯಾಪಕರು ಸಹಿ ಹಾಕಬೇಕು. ವರ್ಷವಿಡೀ ನಡೆಯುವ ಆಂತರಿಕ ಮೌಲ್ಯಮಾಪನವನ್ನೂ ನಿಯಮಗಳು ಹೇಳುತ್ತವೆ. ಕಾಗದದ ಮೇಲೆ ಇದು ಒಳ್ಳೆಯ ವ್ಯವಸ್ಥೆಯೇ. ತಿಂಗಳ ಕೊನೆಗೆ ಒಟ್ಟಿಗೆ ತಂದಿಟ್ಟ ಪುಟಗಳಿಗೆ ಕಣ್ಣುಮುಚ್ಚಿ ಸಹಿ ಬಿದ್ದರೆ ಮಾತ್ರ ಅದು ಬರೀ ಕಾಗದವೇ ಆಗಿ ಉಳಿಯುತ್ತದೆ.

ಅಧ್ಯಾಪಕರ ಸಂಕಟವೂ ಸಣ್ಣದಲ್ಲ. ಮೂರು ವರ್ಷ ರಾತ್ರಿಯೆನ್ನದೆ ತಮ್ಮ ವಾರ್ಡು ಕಾಯ್ದ ಹುಡುಗನಿಗೋ ಹುಡುಗಿಗೋ 'ಇನ್ನೂ ಆರು ತಿಂಗಳು ಕಲಿಯಬೇಕು' ಎಂದು ಮುಖಕ್ಕೆ ಹೇಳುವುದು ಸುಲಭವೇ? ಮನೆಯವರು ಸಾಲ ಮಾಡಿ ಓದಿಸಿರಬಹುದು. ನಪಾಸು ಮಾಡಲು ಹಿಂಜರಿಯುವ ಈ ಮೃದುತನ ನಮ್ಮ ದೇಶದ್ದಷ್ಟೇ ಅಲ್ಲ. ಎಲ್ಲ ದೇಶಗಳ ವೈದ್ಯಕೀಯ ಶಿಕ್ಷಣದಲ್ಲೂ ಇದು ಚರ್ಚೆಯಾಗಿದೆ. ಆದರೆ ಗುರುಗಳು ಆ ದಿನ ಹೇಳದೆ ಬಿಟ್ಟ ಮಾತಿನ ಬೆಲೆಯನ್ನು ಮುಂದೊಂದು ದಿನ ಎಲ್ಲಿಯೋ ಒಬ್ಬ ರೋಗಿ ತೆರಬೇಕಾಗುತ್ತದೆ.

ಈಚಿನ ಒಂದು ಬದಲಾವಣೆ ಇಲ್ಲಿ ಉಪಯೋಗಕ್ಕೆ ಬರಬಹುದು. ಸ್ನಾತಕೋತ್ತರ ವಿದ್ಯಾರ್ಥಿಗಳು ಮೂರು ತಿಂಗಳ ಕಾಲ ಜಿಲ್ಲಾ ಆಸ್ಪತ್ರೆ ವ್ಯವಸ್ಥೆಯಲ್ಲಿ ಕೆಲಸ ಮಾಡಬೇಕೆಂಬ ನಿಯಮ 2020ರಲ್ಲಿ ಬಂತು. 2023ರ ನಿಯಮಾವಳಿಯಲ್ಲೂ ಅದು ಮುಂದುವರಿದಿದೆ. ಇದನ್ನು ತೃಪ್ತಿಕರವಾಗಿ ಮುಗಿಸದವರು ಅಂತಿಮ ಪರೀಕ್ಷೆಗೆ ಕೂರುವಂತಿಲ್ಲ. ಮನೆಯ ಕಣ್ಣಲ್ಲದ ಮತ್ತೊಂದು ಕಣ್ಣು ವಿದ್ಯಾರ್ಥಿಯ ಕೆಲಸ ನೋಡಲು ಇದೊಂದು ಅವಕಾಶ. ಆ 'ತೃಪ್ತಿಕರ' ಎಂಬ ಮಾತು ಹಾಜರಿಯ ಲೆಕ್ಕಕ್ಕೆ ಸೀಮಿತವಾಗದೆ, ಮಾಡಿದ ಕೆಲಸವನ್ನು ಕಂಡು ಬರೆದದ್ದಾದರೆ ಮಾತ್ರ ಈ ಅವಕಾಶಕ್ಕೆ ಅರ್ಥ.

ಜಿಲ್ಲೆ, ತಾಲ್ಲೂಕುಗಳ ಆಸ್ಪತ್ರೆಯಲ್ಲಿ ಕಾಣಬಹುದಾದ ಇನ್ನೊಂದು ಗುಣವಿದೆ. ಅದು ಕೈಯದಲ್ಲ, ವಿವೇಕದ್ದು. ದೊಡ್ಡ ಕಾಲೇಜಿನಲ್ಲಿ ಸಂಶಯ ಬಂದರೆ ಪಕ್ಕದ ಕೋಣೆಯಲ್ಲಿ ಪ್ರಾಧ್ಯಾಪಕರಿದ್ದಾರೆ. ಸಣ್ಣ ಊರಿನಲ್ಲಿ ನಡುರಾತ್ರಿ ಹೊಟ್ಟೆನೋವಿನಿಂದ ಒದ್ದಾಡುವ ರೋಗಿಯ ಮುಂದೆ ಶಸ್ತ್ರವೈದ್ಯರು ಒಬ್ಬರೇ. ರಕ್ತ ಸಿಗುವುದೇ? ಅರಿವಳಿಕೆ ವೈದ್ಯರು ಬರುವರೇ? ಇಲ್ಲೇ ಹೊಟ್ಟೆ ತೆರೆಯಬೇಕೇ, ಬಾಗಲಕೋಟೆಗೆ ಕಳಿಸಬೇಕೇ? ಕಳಿಸಿದರೆ ದಾರಿಯಲ್ಲಿ ರೋಗಿ ಉಳಿಯುವರೇ? ಯಾವಾಗ ಚಾಕು ಹಿಡಿಯಬಾರದು ಎಂಬುದನ್ನು ಬಲ್ಲವರೇ ಪೂರ್ಣ ಶಸ್ತ್ರವೈದ್ಯರು ಎಂದು ಹಿರಿಯರು ಹೇಳುವುದು ಇದಕ್ಕೇ. ತಮ್ಮ ಮಿತಿಯನ್ನು ಬಲ್ಲವರು, ಅದನ್ನು ನಾಚಿಕೆಯಿಲ್ಲದೆ ಒಪ್ಪಿಕೊಳ್ಳಬಲ್ಲವರು ತಯಾರಾದರೇ ಎಂಬುದನ್ನು ಯಾವ ಉಪಕರಣದ ಮೇಜೂ ಹೇಳಲಾರದು. ಮೂರು ವರ್ಷ ಜೊತೆಗಿದ್ದವರು ಮಾತ್ರ ಹೇಳಬಲ್ಲರು.

ರೋಗಿಯೂ ಕೇಳಬಹುದು

ಹಾಗಾದರೆ ಹೊಸ ವೈದ್ಯರನ್ನು ಕಂಡು ಹೆದರಬೇಕೇ? ಖಂಡಿತ ಬೇಡ. ಇಂದಿನ ನುರಿತ ಕೈಗಳೆಲ್ಲ ಒಂದು ಕಾಲಕ್ಕೆ ಹೊಸವೇ. ಹೊಸಬರ ಮೊದಲ ವರ್ಷಗಳಲ್ಲಿ ಪಕ್ಕದಲ್ಲಿ, ಇಲ್ಲವೇ ಫೋನಿಗೆ ಸಿಗುವಷ್ಟು ಹತ್ತಿರದಲ್ಲಿ ಹಿರಿಯರೊಬ್ಬರಿದ್ದರೆ ರೋಗಿಗೂ ಕ್ಷೇಮ, ವೈದ್ಯರಿಗೂ ಧೈರ್ಯ. ಹೊಸಬರನ್ನು ದೂರದ ಆಸ್ಪತ್ರೆಗೆ ನೇಮಿಸುವ ಸರ್ಕಾರವೂ, ಖಾಸಗಿ ಆಸ್ಪತ್ರೆಗಳೂ ಈ ಏರ್ಪಾಟಿನ ಬಗ್ಗೆ ಯೋಚಿಸಬೇಕಾಗಿದೆ.

ರೋಗಿಗೂ ಒಂದು ಹಕ್ಕಿದೆ. ಆಪರೇಷನ್ನಿನ ಸ್ವರೂಪ, ಉದ್ದೇಶ, ಅಪಾಯ, ಬೇರೆ ದಾರಿಗಳು ಇವನ್ನೆಲ್ಲ ತಿಳಿಸಿಯೇ ಒಪ್ಪಿಗೆ ಪಡೆಯಬೇಕೆಂದು ಸರ್ವೋಚ್ಚ ನ್ಯಾಯಾಲಯ 2008ರಲ್ಲಿ ಸ್ಪಷ್ಟಪಡಿಸಿದೆ. ಒಪ್ಪಿಗೆಯ ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಮುಂಚೆ 'ಡಾಕ್ಟರೇ, ಈ ಆಪರೇಷನ್ ಎಷ್ಟು ಮಾಡೀರಿ? ತೊಂದರೆಯಾದರೆ ಮುಂದೆ ಎಲ್ಲಿಗೆ ಕಳಿಸ್ತೀರಿ?' ಎಂದು ವಿನಯದಿಂದ ಕೇಳಿದರೆ ತಪ್ಪೇನೂ ಇಲ್ಲ. ಒಳ್ಳೆಯ ವೈದ್ಯರು ಇದಕ್ಕೆ ಸಿಟ್ಟಾಗುವುದಿಲ್ಲ.

ಆದರೆ ಈ ಪ್ರಶ್ನೆಯನ್ನು ಮೊದಲು ಕೇಳಬೇಕಾದವರು ರೋಗಿಗಳಲ್ಲ, ಲಾಗ್‌ಬುಕ್ಕಿಗೆ ಸಹಿ ಹಾಕುವ ಗುರುಗಳು. 'ನನ್ನ ತಾಯಿಯ ಹೊಟ್ಟೆಯ ಮೇಲೆ ಈ ಕೈ ಚಾಕು ಇಡಲು ನಾನು ಬಿಡುವೆನೇ?' ಎಂದು ಒಂದು ಕ್ಷಣ ತಮ್ಮನ್ನೇ ಕೇಳಿಕೊಂಡು ಅವರು ಪೆನ್ನು ಎತ್ತಿದರೆ, ಆ ಸಹಿಗಿಂತ ದೊಡ್ಡ ಪರೀಕ್ಷೆ ಬೇರೊಂದಿಲ್ಲ.